ಬಾಗಿಲಿದ್ದ ಕೇರಿ

ಊರು ನೋಡಲು ಹೋದವರು ಊರು ನೋಡಿಕೊಂಡು ಬರುತ್ತಾರೆ. ನಾವು ಹೋದದ್ದು ವೆನಿಸ್ಸಿಗೆ, ನೋಡಿಕೊಂಡು ಬಂದದ್ದು ಅಲ್ಲಿನ ಕೇರಿಯನ್ನು. ಇದನ್ನು ಹೇಳಿದರೆ ಪರಿಚಯದವರು ನಗುತ್ತಾರೆ. ಅಷ್ಟು ದುಡ್ಡು ಸುರಿದು, ವಿಮಾನ ಹತ್ತಿ ಹೋದವರಿಗೆ ಅಲ್ಲೂ ಕೇರಿಯೇ ಬೇಕಿತ್ತಾ ಅನ್ನುತ್ತಾರೆ. ನಾವೇನೂ ಹುಡುಕಿಕೊಂಡು ಹೋದದ್ದಲ್ಲ. ದಾರಿಯಲ್ಲಿ ಅದಾಗಿಯೇ ಎದುರಾಯಿತು. ಕೇರಿಯಲ್ಲಿ ಹುಟ್ಟಿದವರ ಕಣ್ಣಿಗೆ ಕೇರಿ ಬೇಗ ಕಾಣುತ್ತದೆಯೋ ಏನೋ.

ನಮ್ಮ ಮಗಳು ಇಟಲಿಯ ಪಾದುವಾದಲ್ಲಿ ಓದುತ್ತಿದ್ದಳು. ಸರ್ಕಾರದ ವಿದ್ಯಾರ್ಥಿವೇತನ. ನಮ್ಮ ವಂಶದಲ್ಲಿ ಕಡಲು ದಾಟಿದವಳು ಅವಳೇ ಮೊದಲು. ನಾವು ಗಂಡ ಹೆಂಡತಿ ಇಬ್ಬರೂ ಕೆಲಸದಿಂದ ನಿವೃತ್ತರಾಗಿದ್ದೆವು. ಒಂದು ಸಲ ಬಂದು ನೋಡಿ ಹೋಗಿ ಎಂದು ಹಟ ಹಿಡಿದು ಕರೆಸಿಕೊಂಡಳು. ಪಾದುವಾದಿಂದ ವೆನಿಸ್ಸಿಗೆ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಒಂದು ದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಮೂವರೂ ಹೊರಟೆವು.

ಸಾಂತಾ ಲೂಚಿಯಾ ನಿಲ್ದಾಣದಿಂದ ಹೊರಗೆ ಬಂದರೆ ಎದುರಿಗೇ ನೀರು. ರಸ್ತೆ ಇರಬೇಕಾದ ಕಡೆ ಕಾಲುವೆ, ಬಸ್ಸು ನಿಲ್ಲಬೇಕಾದ ಕಡೆ ದೋಣಿ. ಜನವೋ ಜನ. ನಂಜನಗೂಡಿನ ದೊಡ್ಡ ಜಾತ್ರೆಯ ಹಾಗೆ ಎಲ್ಲರೂ ಒಂದೇ ದಿಕ್ಕಿಗೆ, ರಿಯಾಲ್ತೊ ಸೇತುವೆಯ ಕಡೆ, ಸಂತ ಮಾರ್ಕನ ಚೌಕದ ಕಡೆ ನುಗ್ಗುತ್ತಿದ್ದರು. ನಾವೂ ಆ ಹರಿವಿನಲ್ಲಿ ಸ್ವಲ್ಪ ದೂರ ಹೋದೆವು. ಕಂಬಗಳಿರುವ ಒಂದು ಕಲ್ಲಿನ ಸೇತುವೆ ಬಂತು. ನಮ್ಮಾಕೆಗೆ ಮಂಡಿ ನೋವು. "ನನ್ ಕೈಲಿ ಆಗಲ್ಲ ಕಣವ್ವಾ, ಜನ ಇಲ್ಲದ ಕಡೆ ಎಲ್ಲಾದರೂ ಕುಂತ್ಕೊಳೋಣ" ಎಂದಳು. ಮಗಳು ಸೇತುವೆ ಇಳಿದು ಎಡಕ್ಕೆ ತಿರುಗಿಸಿದಳು. ಕಾಲುವೆಯ ದಂಡೆಯ ಮೇಲೆ ಸ್ವಲ್ಪ ನಡೆದದ್ದೇ ತಡ, ಜಾತ್ರೆ ಹಿಂದೆಯೇ ಉಳಿಯಿತು. ಆ ಭಾಗದ ಹೆಸರು ಕನ್ನಾರೆಜೊ. ಕಿಟಕಿಯಿಂದ ಕಿಟಕಿಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದ್ದರು. ಒಬ್ಬ ಮುದುಕ ನಾಯಿ ಹಿಡಿದು ಬರುತ್ತಿದ್ದ. ತರಕಾರಿ ಚೀಲ ಹಿಡಿದ ಹೆಂಗಸರು ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದರು. ಇದು ಜನ ಬಾಳುವ ಜಾಗ ಅನ್ನಿಸಿತು.

ಆ ದಂಡೆಯ ಮೇಲೆ ಮನೆಗಳ ಸಾಲಿನ ಕೆಳಗೆ ಕೊರೆದ ಹಾಗೆ ಒಂದು ತಗ್ಗಾದ ದಾರಿ ಇದೆ. ಉದ್ದನೆಯ ಆಳು ಬಗ್ಗಿಯೇ ಹೋದಾನು. ಒಳಗೆ ಕಾಲಿಡುವಾಗ ಮಗಳು ನಿಂತಳು. "ಅಪ್ಪಾ, ಇಲ್ಲಿ ಮುಟ್ಟಿ ನೋಡಿ" ಎಂದಳು. ಎರಡೂ ಪಕ್ಕದ ಕಲ್ಲಿನಲ್ಲಿ ಗುಳಿ ಬಿದ್ದಿದ್ದವು. ಬೆರಳು ಹಾಕಿದರೆ ತಣ್ಣಗಿತ್ತು. "ಏನವ್ವ ಇದು?" "ಬಾಗಿಲು ಕೂರಿಸಿದ್ದ ತೂತು. ಇದು ಘೆಟ್ಟೊ. ಯೆಹೂದಿಗಳನ್ನ ರಾತ್ರಿ ಒಳಗಾಕಿ ಬೀಗ ಹಾಕ್ತಿದ್ರು."

ಘೆಟ್ಟೊ ಎಂಬ ಮಾತು ನಮಗೆ ಹೊಸದಲ್ಲ. ಬಾಬಾಸಾಹೇಬರ ಒಂದು ಹಸ್ತಪ್ರತಿಯ ಹೆಸರಿನಲ್ಲೇ ಅದಿದೆ. ಅಸ್ಪೃಶ್ಯರನ್ನು ಅವರು ಭಾರತದ ಘೆಟ್ಟೊದ ಮಕ್ಕಳು ಎಂದು ಕರೆದರು. ಅವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ, 1989ರಲ್ಲಿ, ಅದು ಅಚ್ಚಾಯಿತು. ಆದರೆ ಆ ಮಾತು ಹುಟ್ಟಿದ ಮಣ್ಣಿನ ಮೇಲೆ ಒಂದು ದಿನ ನಿಲ್ಲುತ್ತೇವೆ ಎಂದುಕೊಂಡಿರಲಿಲ್ಲ.

ಆ ಕಥೆ ಹೀಗಿದೆ. ಇಲ್ಲಿ ಒಂದು ಕಾಲಕ್ಕೆ ತಾಮ್ರ ಎರಕ ಹೊಯ್ಯುವ ಕಾರ್ಖಾನೆ ಇತ್ತು. ವೆನಿಸ್ಸಿನ ಆಡುಮಾತಿನಲ್ಲಿ ಅದಕ್ಕೆ ಜೆತೊ ಎಂದು ಹೆಸರು. ಜರ್ಮನ್ ಸೀಮೆಯಿಂದ ಬಂದ ಯೆಹೂದಿಗಳ ಬಾಯಲ್ಲಿ ಅದು ಘೆತ್ತೊ ಆಯಿತು ಎನ್ನುತ್ತಾರೆ. 1516ರ ಮಾರ್ಚ್ 29ರಂದು ವೆನಿಸ್ ಗಣರಾಜ್ಯದ ಸೆನೆಟ್ಟು ಒಂದು ಆಜ್ಞೆ ಹೊರಡಿಸಿತು. ಊರಿನಲ್ಲಿರುವ ಯೆಹೂದಿಗಳೆಲ್ಲ ಈ ದ್ವೀಪಕ್ಕೆ ಹೋಗಿ ಸೇರಬೇಕು. ಸುತ್ತ ನೀರು, ದಾಟುವುದಕ್ಕೆ ಸೇತುವೆ, ಸೇತುವೆಗೆ ಬಾಗಿಲು. ಬೆಳಿಗ್ಗೆ ಸಂತ ಮಾರ್ಕನ ಗೋಪುರದಲ್ಲಿ ಮರಂಗೋನ ಎಂಬ ದೊಡ್ಡ ಗಂಟೆ ಹೊಡೆದಾಗ ಬಾಗಿಲು ತೆಗೆಯಬೇಕು, ಹೊತ್ತು ಮುಳುಗಿದ ಮೇಲೆ ಹಾಕಬೇಕು. ಬಾಗಿಲು ಕಾಯುವವರು ಕ್ರೈಸ್ತರು. ರಾತ್ರಿಯೆಲ್ಲ ದೋಣಿಗಳು ದ್ವೀಪವನ್ನು ಸುತ್ತುತ್ತಿರಬೇಕು. ಕಾವಲಿನವರ ಕೂಲಿ, ದೋಣಿಯ ಖರ್ಚು, ಎಲ್ಲವನ್ನೂ ಒಳಗೆ ಇರುವವರೇ ಕೊಡಬೇಕು.

ಇದನ್ನು ಕೇಳಿ ನಮ್ಮಾಕೆ, "ಅಯ್ಯೋ, ಬೀಗಕ್ಕೂ ಅವರೇ ಕಾಸು ಕೊಡಬೇಕಾ?" ಎಂದಳು. ಹೌದು. ಬಾಡಿಗೆಯೂ ಹಾಗೆಯೇ. ಅಲ್ಲಿದ್ದ ಕ್ರೈಸ್ತ ಒಕ್ಕಲುಗಳನ್ನು ಎಬ್ಬಿಸಿ ಯೆಹೂದಿಗಳನ್ನು ತುಂಬಿದರು. ಹಳಬರು ಕೊಡುತ್ತಿದ್ದ ಬಾಡಿಗೆಗೆ ಮೂರನೇ ಒಂದು ಪಾಲು ಸೇರಿಸಿ ಹೊಸಬರಿಂದ ವಸೂಲು ಮಾಡಬಹುದೆಂದು ಆಜ್ಞೆಯೇ ಹೇಳಿತು. ಮನೆ ಕೊಳ್ಳುವ ಹಕ್ಕು ಮಾತ್ರ ಇಲ್ಲ. ಉಳ್ಳವರ ಲೆಕ್ಕ ಎಲ್ಲ ದೇಶದಲ್ಲೂ ಒಂದೇ ಮಗ್ಗಿಯಿಂದ ಹುಟ್ಟಿದೆ.

ಗುಳಿ ಬಿದ್ದ ಬಾಗಿಲು ದಾಟಿ, ಕಿರುಬೀದಿ ಹಿಡಿದು, ಒಂದು ಚಿಕ್ಕ ಸೇತುವೆ ಹತ್ತಿ ಇಳಿದರೆ ದೊಡ್ಡ ಬಯಲು. ಹೊಸ ಘೆಟ್ಟೊ ಎಂದು ಅದರ ಹೆಸರು. ಯೆಹೂದಿಗಳನ್ನು ಮೊದಲು ತುಂಬಿದ್ದು ಇಲ್ಲಿಗೇ. ನಾವು ದಾಟಿ ಬಂದ ಬೀದಿಗೆ ಹಳೆಯ ಘೆಟ್ಟೊ ಎನ್ನುತ್ತಾರೆ, ಅದನ್ನು ಸೇರಿಸಿದ್ದು ಆಮೇಲೆ, 1541ರಲ್ಲಿ. ಹಳೆಯದು ಹೊಸದು ಎಂಬ ಹೆಸರು ಎರಕದ ಕಾರ್ಖಾನೆಗಳದ್ದು, ಜನರದ್ದಲ್ಲ. ಅಲ್ಲಿ ಬಂದು ಬಾಳಿದವರ ಲೆಕ್ಕದಲ್ಲಿ ಹೆಸರು ಇಡುವ ತೊಂದರೆಯನ್ನು ಯಾರೂ ತೆಗೆದುಕೊಂಡಿಲ್ಲ. 1633ರಲ್ಲಿ ಇನ್ನೊಂದು ತುಂಡು ಜಾಗ ಕೊಟ್ಟು ಅದನ್ನು ಅತಿ ಹೊಸ ಘೆಟ್ಟೊ ಎಂದರು.

ಬಯಲಿನ ಸುತ್ತ ಮನೆಗಳು ಎತ್ತರವಾಗಿ ನಿಂತಿದ್ದವು. ವೆನಿಸ್ಸಿನ ಬೇರೆ ಕಡೆ ಅಷ್ಟು ಅಂತಸ್ತಿನ ಹಳೆಯ ಮನೆಗಳು ಕಾಣುವುದು ಅಪರೂಪ. ಕಿಟಕಿಗಳನ್ನು ಎಣಿಸುತ್ತಾ ಹೋದೆವು. ಏಳು ಸಾಲು, ಎಂಟು ಸಾಲು. ಒಂದರ ಮೇಲೆ ಒಂದು ಒತ್ತಿ ಕೂರಿಸಿದ ಹಾಗೆ. ಜನ ಹೆಚ್ಚಿದರು, ಜಾಗ ಹೆಚ್ಚಲಿಲ್ಲ. ಪಕ್ಕಕ್ಕೆ ಹೋಗುವ ಹಾಗಿಲ್ಲ, ಅದಕ್ಕೆ ಮೇಲಕ್ಕೆ ಹೋದರು. ಇದ್ದ ಅಂತಸ್ತನ್ನೇ ಎರಡು ಮಾಡಿ, ತಲೆ ತಾಗುವಷ್ಟು ತಗ್ಗಿಗೆ ಮಾಳಿಗೆ ಹಾಕಿದರು. ನಮ್ಮಾಕೆ ಕತ್ತೆತ್ತಿ ನೋಡಿ, "ನಮ್ಮ ಗುಡ್ಲಲ್ಲಿ ನೆಲಕ್ಕೆ ಮಲಗ್ತಿದ್ವಿ, ಇವರು ಗಾಳೀಲಿ ಮಲಗವ್ರೆ" ಎಂದಳು. ಅದೇ ಸಂದಿಗಳ ನಡುವೆ, ಮೇಲಿನ ಅಂತಸ್ತುಗಳಲ್ಲಿ ಅವರು ದೇವರ ಮನೆಗಳನ್ನೂ ಕಟ್ಟಿಕೊಂಡರು. 1528ರಲ್ಲಿ ಒಂದು, 1532ರಲ್ಲಿ ಇನ್ನೊಂದು, 1575ರಲ್ಲಿ ಮತ್ತೊಂದು. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಒಂದೇ ಸಾಲಿನ ಐದು ದೊಡ್ಡ ಕಿಟಕಿ ಕಂಡರೆ ಅದು ದೇವರ ಮನೆ ಎಂದು ತಿಳಿಯಬೇಕು.

ಬಯಲಿನಲ್ಲಿ ಮೂರು ಬಾವಿಗಳಿದ್ದವು. ಕಲ್ಲಿನ ಕಟ್ಟೆ, ಮೇಲೆ ಮುಚ್ಚಳ. ವೆನಿಸ್ಸಿನ ಬಾವಿ ನಮ್ಮ ಬಾವಿಯಂತಲ್ಲ. ಕೆಳಗೆ ಉಪ್ಪು ನೀರು, ಅಗೆದರೆ ಕುಡಿಯಲು ಆಗದು. ಬಯಲಿಗೆ ಬಿದ್ದ ಮಳೆ ನೀರನ್ನು ಮರಳಿನಲ್ಲಿ ಸೋಸಿ ಕೆಳಗೆ ಕೂಡಿಡುತ್ತಿದ್ದರು. ಒಂದು ಬಾವಿಯ ಕಟ್ಟೆಗೆ ಒರಗಿ ಬುತ್ತಿ ಬಿಚ್ಚಿದೆವು. ಕಟ್ಟೆಯ ಮೇಲೆ ಕೈ ಇಟ್ಟಾಗ ನಮಗೆ ನಮ್ಮೂರು ನೆನಪಾಗದೆ ಇರಲಿಲ್ಲ. ನಮ್ಮವ್ವ ಊರ ಬಾವಿಯ ಹತ್ತಿರ ದೂರ ನಿಂತು, ಯಾರಾದರೂ ಪುಣ್ಯಾತ್ಮರು ಬಂದು ಕೊಡಕ್ಕೆ ಎತ್ತಿ ಹುಯ್ಯಲಿ ಎಂದು ಕಾಯುತ್ತಿದ್ದಳು. ಬೀಗ ಹಾಕಿಸಿಕೊಂಡ ಈ ಜನಕ್ಕೆ ತಮ್ಮದೇ ಅಂಗಳದಲ್ಲಿ ಬಾವಿ ಇತ್ತು. ಬೀಗವಿಲ್ಲದ ನಮ್ಮವರಿಗೆ ನೀರಿರಲಿಲ್ಲ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರನ್ನು ಮುಟ್ಟುವುದಕ್ಕೆ ಅಂಬೇಡ್ಕರರು ಸಾವಿರಾರು ಜನ ಕಟ್ಟಿಕೊಂಡು ಹೋಗಬೇಕಾಯಿತು.

ಇಂಥ ಹೋಲಿಕೆ ಮಾಡುವಾಗ ನಮಗೇ ಅಳುಕು. ಯಾರ ನೋವು ದೊಡ್ಡದು ಎಂದು ತಕ್ಕಡಿ ಹಿಡಿದು ತೂಗುವುದು ತಪ್ಪು. ಆದರೆ ನೋವನ್ನು ಮಾಡುವ ಕೈ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಹೋಲಿಸಿ ನೋಡಬೇಕು. ವೆನಿಸ್ಸಿಗೆ ಯೆಹೂದಿ ಬೇಡ, ಯೆಹೂದಿಯ ಕೆಲಸ ಬೇಕು. ಅವರಿಗೆ ಬಿಟ್ಟುಕೊಟ್ಟ ಕಸುಬುಗಳು ಕೆಲವೇ. ಹಳೆ ಬಟ್ಟೆ ಮಾರಬಹುದು, ಒತ್ತೆ ಇಟ್ಟುಕೊಂಡು ಸಾಲ ಕೊಡಬಹುದು, ವೈದ್ಯ ಮಾಡಬಹುದು. ಈ ಬಯಲಿನಲ್ಲಿ ಕೆಂಪು ಅಂಗಡಿ ಎಂಬ ಒತ್ತೆ ಅಂಗಡಿಯ ಜಾಗವನ್ನು ಈಗಲೂ ತೋರಿಸುತ್ತಾರೆ. ಕಾಲೇಜಿನಲ್ಲಿ ಶೇಕ್ಸ್‌ಪಿಯರನ ವೆನಿಸ್ಸಿನ ವ್ಯಾಪಾರಿ ಪಾಠ ಮಾಡುವಾಗ ಮೇಷ್ಟ್ರು ಶೈಲಾಕನನ್ನು ಬಡ್ಡಿ ಪಿಶಾಚಿ ಎಂದಿದ್ದರು, ನಾವೂ ನಕ್ಕಿದ್ದೆವು. ಆದರೆ ಬಡವರಿಗೆ ಕಡಿಮೆ ಬಡ್ಡಿಗೆ ಸಾಲ ಕೊಡುವ ಅಂಗಡಿ ನಡೆಸಬೇಕು ಎಂಬುದು ವೆನಿಸ್ಸಿನಲ್ಲಿ ಅವರು ಉಳಿಯುವುದಕ್ಕೆ ಸರ್ಕಾರ ಹಾಕಿದ್ದ ಷರತ್ತು. ಆಮೇಲೆ ಅದು ಶೇಕಡ 5ಕ್ಕೆ ಇಳಿಯಿತು. ಶೇಕ್ಸ್‌ಪಿಯರನ ಆ ನಾಟಕದಲ್ಲಿ ಘೆಟ್ಟೊ ಎಂಬ ಮಾತೇ ಇಲ್ಲ. ಬಾಗಿಲು, ಬೀಗ, ಕಾವಲು ದೋಣಿ ಒಂದೂ ಇಲ್ಲ. ಕೇರಿಯನ್ನು ಅಳಿಸಿ, ಕೇರಿಯವನನ್ನು ಮಾತ್ರ ರಂಗಕ್ಕೆ ತಂದರೆ ಯಾರು ತಾನೇ ಪಿಶಾಚಿಯಾಗಿ ಕಾಣುವುದಿಲ್ಲ?

ಅಲ್ಲಿನ ವೈದ್ಯರ ವಿಷಯ ಇನ್ನೂ ಸೊಗಸು. ರಾತ್ರಿ ಯಾವ ಯೆಹೂದಿಯೂ ಬಾಗಿಲು ದಾಟಬಾರದು, ಆದರೆ ಕ್ರೈಸ್ತ ಸಾಹುಕಾರನಿಗೆ ಜ್ವರ ಬಂದರೆ ವೈದ್ಯ ಅಪ್ಪಣೆ ಪಡೆದು ದಾಟಬಹುದು. ಆ ವೈದ್ಯರಲ್ಲಿ ಹಲವರು ಓದುತ್ತಿದ್ದದ್ದು ನಮ್ಮ ಮಗಳು ಓದುತ್ತಿದ್ದ ಪಾದುವಾದಲ್ಲಿ. ಯೆಹೂದಿಗಳಿಗೂ ವೈದ್ಯ ಪದವಿ ಕೊಡುತ್ತಿದ್ದ ಕೆಲವೇ ಕಡೆಗಳಲ್ಲಿ ಅದೂ ಒಂದು. ನಮ್ಮಾಕೆಯ ಅಜ್ಜಿ ಸೂಲಗಿತ್ತಿ. ಊರ ಗೌಡರ ಮನೆಯಲ್ಲಿ ಹೆರಿಗೆ ಕಷ್ಟವಾದರೆ ನಡುರಾತ್ರಿಯಲ್ಲಿ ಲಾಟೀನು ಹಿಡಿದು ಕೇರಿಗೆ ಬರುತ್ತಿದ್ದರು. ಅಜ್ಜಿ ದನದ ಕೊಟ್ಟಿಗೆಯ ಕಡೆಯಿಂದ ಒಳಗೆ ಹೋಗಿ ಮಗುವನ್ನು ಈಚೆಗೆ ತೆಗೆಯುತ್ತಿದ್ದಳು. ಅವಳು ಹೋದ ಮೇಲೆ ಗಂಜಲ ಚಿಮುಕಿಸಿ ಮನೆ ಶುದ್ಧ ಮಾಡುತ್ತಿದ್ದರು. ಮೊದಲು ಮುಟ್ಟಿದ ಕೈ ಅವಳದ್ದೇ, ಮಗುವನ್ನು ಹೇಗೆ ಶುದ್ಧ ಮಾಡುತ್ತಿದ್ದರೋ ಗೊತ್ತಿಲ್ಲ.

ಇಷ್ಟರ ನಡುವೆಯೂ ಆ ಜನ ಬರೆದರು. ಇದನ್ನು ನಾವು ಮರೆಯಬಾರದು. ಲಿಯೋನೆ ಮೊದೇನ ಎಂಬ ಧರ್ಮಗುರು ಈ ಘೆಟ್ಟೊದಲ್ಲಿ ಬಾಳಿ, ತನ್ನ ಜೂಜಿನ ಚಟ, ಸಾಲ, ಸತ್ತ ಮಕ್ಕಳು, ಎಲ್ಲವನ್ನೂ ಮುಚ್ಚಿಡದೆ ತನ್ನ ಜೀವನ ಕಥೆ ಬರೆದ. ಅವನು ತೀರಿದ್ದು 1648ರಲ್ಲಿ. ಸಾರಾ ಕೋಪಿಯೊ ಸುಲ್ಲಂ ಎಂಬ ಕವಯಿತ್ರಿಯ ಮೇಲೆ ಒಬ್ಬ ಪಾದ್ರಿ, ಆತ್ಮಕ್ಕೆ ಸಾವಿಲ್ಲ ಎಂಬುದನ್ನು ಇವಳು ನಂಬುವುದಿಲ್ಲ ಎಂದು ಆಪಾದನೆ ಹೊರಿಸಿದ. 1621ರಲ್ಲಿ ಅವಳು ಅಚ್ಚು ಹಾಕಿಸಿ ಉತ್ತರ ಕೊಟ್ಟಳು. 1553ರಲ್ಲಿ ಸಂತ ಮಾರ್ಕನ ಚೌಕದಲ್ಲಿ ಇವರ ತಾಲ್ಮೂದ್ ಗ್ರಂಥಗಳನ್ನು ರಾಶಿ ಹಾಕಿ ಸುಟ್ಟಿದ್ದರು. ಆದರೂ ಬರೆಯುವುದನ್ನು ಬಿಡಲಿಲ್ಲ. ನಮ್ಮಲ್ಲಿ ಸಿದ್ಧಲಿಂಗಯ್ಯನವರ 'ಊರುಕೇರಿ' ಬರುವುದಕ್ಕೆ 1996ನೇ ಇಸವಿ ಆಗಬೇಕಾಯಿತು. ಅದಕ್ಕೆ ಮುಂಚೆ ಎಷ್ಟು ತಲೆಮಾರಿನ ಬಾಯಿಗಳು ಹಾಗೆಯೇ ಮಣ್ಣಾದವು!

ಬಾಗಿಲು ಹೋದದ್ದು 1797ರ ಜುಲೈನಲ್ಲಿ. ನೆಪೋಲಿಯನ್ನನ ಪಡೆ ಬಂದು ಹಳೆಯ ಗಣರಾಜ್ಯ ಬಿದ್ದು ಎರಡು ತಿಂಗಳಾಗಿತ್ತು. ಘೆಟ್ಟೊದ ಬಾಗಿಲುಗಳನ್ನು ಕಿತ್ತು ತಂದು, ನಾವು ಬುತ್ತಿ ಬಿಚ್ಚಿದ ಈ ಬಯಲಿನಲ್ಲೇ ಸುಟ್ಟರು. ಬೆಂಕಿಯ ಸುತ್ತ ಜನ ಕುಣಿದರು. 281 ವರ್ಷ ಹಾಕಿ ತೆಗೆದ ಬಾಗಿಲು ಒಂದು ದಿನದಲ್ಲಿ ಬೂದಿಯಾಯಿತು.

ನಮಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಹೇಳುವುದಿಲ್ಲ. ಇವರಿಗೆ ಆಜ್ಞೆಯ ತಾರೀಕು ಗೊತ್ತು, ಬೀಗ ಹಾಕಿದವರು ಯಾರು ಗೊತ್ತು, ಸುಟ್ಟ ದಿನ ಗೊತ್ತು. ನಮ್ಮ ಕೇರಿಯನ್ನು ಊರಿನ ತೆಂಕಲಿಗೆ ತಳ್ಳಿದ ಸೆನೆಟ್ಟು ಯಾವುದು? ಯಾವ ತಾರೀಕು? ನಮ್ಮ ಕೇರಿಗೆ ಬಾಗಿಲೇ ಇರಲಿಲ್ಲ. ಇದ್ದಿದ್ದರೆ ಕಿತ್ತು ಸುಡಬಹುದಿತ್ತು. ನಮ್ಮನ್ನು ಕಾಯುವುದಕ್ಕೆ ಯಾರೂ ಸಂಬಳಕ್ಕೆ ಇರಲಿಲ್ಲ, ಇಡೀ ಊರೇ ಬಿಟ್ಟಿಯಾಗಿ ಕಾಯುತ್ತಿತ್ತು. ನಮ್ಮೊಳಗೂ ಒಬ್ಬ ಕಾವಲುಗಾರನನ್ನು ಕೂರಿಸಿತ್ತು. ಗೌಡರು ಎದುರಿಗೆ ಬಂದರೆ ಕಾಲಿನ ಚಪ್ಪಲಿ ತಾನಾಗಿಯೇ ಕೈಗೆ ಬರುತ್ತಿತ್ತು.

ಆದರೆ ಕಥೆ ಬೆಂಕಿಯಲ್ಲಿ ಮುಗಿಯಲಿಲ್ಲ. ಬಯಲಿನ ಒಂದು ಗೋಡೆಯ ಮೇಲೆ ಕಂಚಿನ ಹಲಗೆಗಳಿವೆ. ಅರ್ಬಿಟ್ ಬ್ಲಾಟಾಸ್ ಎಂಬ ಕಲಾವಿದ ಮಾಡಿದವು, 1980ರಲ್ಲಿ ಇಟ್ಟದ್ದು. ಬಡಿಯುವವರು, ಬೀಳುವವರು, ಸಾಲಾಗಿ ನಿಂತವರು. ಬಾಗಿಲು ಸುಟ್ಟು 141 ವರ್ಷವಾದ ಮೇಲೆ, 1938ರಲ್ಲಿ, ಇಟಲಿಯ ಸರ್ಕಾರ ಜನಾಂಗದ ಕಾನೂನು ತಂದಿತು. ಶಾಲೆಯಿಂದ ಮಕ್ಕಳನ್ನು, ಕೆಲಸದಿಂದ ದೊಡ್ಡವರನ್ನು ಹೊರಗೆ ಹಾಕಿದರು. 1943ರ ಸೆಪ್ಟೆಂಬರಿನಲ್ಲಿ ಜರ್ಮನ್ ಪಡೆ ಬಂತು. ಇಲ್ಲಿನ ಯೆಹೂದಿ ಸಮುದಾಯದ ಅಧ್ಯಕ್ಷರು ಜ್ಯುಸೆಪ್ಪೆ ಯೋನ, ವಯಸ್ಸಾದ ವೈದ್ಯರು. ಅವರನ್ನು ನಿಮ್ಮ ಜನರ ಪಟ್ಟಿ ಕೊಡಿ ಎಂದು ಕೇಳಿದರು. ಅವರು ಪಟ್ಟಿ ಕೊಡಲಿಲ್ಲ. ಕಾಗದಗಳನ್ನು ನಾಶ ಮಾಡಿ, ಸೆಪ್ಟೆಂಬರ್ 17ರಂದು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಆದರೂ ಡಿಸೆಂಬರ್ 5ರ ರಾತ್ರಿ ಇಟಲಿಯ ಪೊಲೀಸರೇ ಮನೆಮನೆಗೆ ಬಂದರು. ಮರುವರ್ಷ ಆಗಸ್ಟಿನಲ್ಲಿ ವೃದ್ಧರ ಮನೆಯಿಂದ ಮುದುಕರನ್ನೂ ಬಿಡದೆ ಎಳೆದುಕೊಂಡು ಹೋದರು. ವೆನಿಸ್ಸಿನಿಂದ ಹೀಗೆ ಸಾಗಿಸಿದವರು 246 ಜನ. ಹಿಂದಿರುಗಿದವರು 8.

ಬಾಗಿಲು ಸುಡುವುದು ಸುಲಭ, ಊರಿನ ಮನಸ್ಸಿನಲ್ಲಿರುವ ಪಟ್ಟಿಯನ್ನು ಸುಡುವುದು ಕಷ್ಟ ಎಂದು ಅಲ್ಲಿ ಕೂತಾಗ ತಿಳಿಯಿತು. ಹೊಟ್ಟೆಕಿಚ್ಚು ಆರಿ ತಣ್ಣಗಾಯಿತು.

ನಾವು ಹೋದ ದಿನ ಬಯಲಿನ ಮೂಲೆಯಲ್ಲಿ ಬಂದೂಕು ಹಿಡಿದ ಕಾವಲಿನವರಿದ್ದರು. ಹಿಂದೆ ಒಳಗಿನವರು ಹೊರಗೆ ಬಾರದಿರಲಿ ಎಂದು ಕಾವಲು, ಈಗ ಹೊರಗಿನಿಂದ ಬಂದು ಯಾರೂ ಒಳಗಿನವರನ್ನು ಕೊಲ್ಲದಿರಲಿ ಎಂದು ಕಾವಲು. ಮರದ ಕೆಳಗೆ ಹುಡುಗರು ಚೆಂಡು ಆಡುತ್ತಿದ್ದರು. ಚೆಂಡು ಬಾವಿಯ ಕಟ್ಟೆಗೆ ಬಡಿದು ನಮ್ಮ ಬುತ್ತಿಯ ಹತ್ತಿರ ಬಂತು. ನಮ್ಮಾಕೆ ಎತ್ತಿ ಎಸೆದಳು. ಹುಡುಗ ಅವನ ಭಾಷೆಯಲ್ಲಿ ಏನೋ ಅಂದು ನಕ್ಕ.

ವಾಪಸು ಬಂದ ದಾರಿಯಲ್ಲೇ ಹೊರಟೆವು. ಬರುವಾಗ ನೋಡದೆ ಹೋಗಿದ್ದ ಒಂದು ಕಲ್ಲು ಹಳೆಯ ಘೆಟ್ಟೊದ ಗೋಡೆಯಲ್ಲಿ ಕಂಡಿತು. ಮೇಲಿಂದ ಕೆಳಗಿನವರೆಗೆ ಅಕ್ಷರ. ನಮ್ಮ ಶಾಸನಗಳ ಹಾಗೆ. ಮಗಳು ನಿಧಾನವಾಗಿ ಓದಿ ಹೇಳಿದಳು. 1704ರ ಸೆಪ್ಟೆಂಬರಿನದು. ಯೆಹೂದಿಯಾಗಿದ್ದು ಕ್ರೈಸ್ತನಾದ ಯಾವನೇ ಆಗಲಿ, ಯಾವಳೇ ಆಗಲಿ, ಯಾವ ನೆಪ ಹೇಳಿಯೂ ಈ ಘೆಟ್ಟೊದೊಳಕ್ಕೆ, ಯೆಹೂದಿಗಳ ಮನೆಯೊಳಕ್ಕೆ ಕಾಲಿಡಬಾರದು. ಇಟ್ಟರೆ ಚಾಟಿ ಏಟು, ಸೆರೆಮನೆ, ಹಡಗಿನಲ್ಲಿ ಹುಟ್ಟು ಹಾಕುವ ಶಿಕ್ಷೆ. ಗುಟ್ಟಾಗಿ ಬಂದು ಹೇಳಿಕೊಟ್ಟವನಿಗೆ ಬಹುಮಾನ.

ಎಂದರೆ, ಕೇರಿ ಬಿಟ್ಟು ಹೋದವನು ಕೇರಿಗೆ ತಿರುಗಿ ಬರುವ ಹಾಗಿಲ್ಲ. ಅವ್ವ ಒಳಗೆ ಸಾಯುತ್ತಿದ್ದರೂ ಬರುವ ಹಾಗಿಲ್ಲ.

ಮೂವರೂ ಸುಮ್ಮನೆ ನಿಂತೆವು. ಗೆಳೆಯರೇ, ಇಲ್ಲಿಯವರೆಗೆ ಬೇರೆಯವರ ಕೇರಿಯನ್ನು ನೋಡುತ್ತಿದ್ದೆವು. ಆ ಕಲ್ಲು ನಮ್ಮನ್ನು ನೋಡತೊಡಗಿತು. ನಾವು ಕೇರಿ ಬಿಟ್ಟು ನಲವತ್ತು ವರ್ಷವಾಗಿತ್ತು. ಓದಿದೆವು, ಕೆಲಸ ಸಿಕ್ಕಿತು, ಮೈಸೂರಿನಲ್ಲಿ ಬಾಡಿಗೆ ಮನೆ ಹುಡುಕಿದೆವು. "ನೀವು ಯಾವ ಜನ?" ಎಂದು ಕೇಳಿದಾಗ ಒಂದು ಸಲ ನಿಜ ಹೇಳಿ ಮನೆ ಕಳೆದುಕೊಂಡೆವು. ಇನ್ನೊಂದು ಸಲ ಹೇಳಲಿಲ್ಲ, ಮನೆ ಸಿಕ್ಕಿತು. ಆಮೇಲೆ ಊರಿಂದ ದೊಡ್ಡವ್ವ ಬರುತ್ತೇನೆ ಅಂದಾಗೆಲ್ಲ ಏನೋ ಒಂದು ನೆಪ ಹೇಳಿದೆವು. ಅವಳ ಮಾತು, ಅವಳ ಹಸಿರು ಹಚ್ಚೆ, ಎಲೆ ಅಡಿಕೆಯ ಚೀಲ, ಎಲ್ಲವೂ ನಮ್ಮನ್ನು ಹೇಳಿಬಿಡುತ್ತವೆ ಎಂದು ಹೆದರಿದೆವು. ಹಬ್ಬಕ್ಕೆ ಹೋಗುತ್ತಿದ್ದವರು ಸಾವಿಗೆ ಮಾತ್ರ ಹೋಗತೊಡಗಿದೆವು. ಮಗಳಿಗೆ ಕೇರಿಯ ಹತ್ತು ಮನೆಯ ಹೆಸರೂ ಗೊತ್ತಿರಲಿಲ್ಲ. ನಮ್ಮ ದಾರಿಗೆ ಯಾವ ಸರ್ಕಾರವೂ ಕಲ್ಲು ನೆಡಿಸಲಿಲ್ಲ. ನಾವೇ ಕೆತ್ತಿ, ನಾವೇ ಹೊತ್ತು ತಂದು, ನಾವೇ ನೆಟ್ಟೆವು.

ನಮ್ಮಾಕೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. "ದೊಡ್ಡವ್ವಂಗೆ ಒಂದು ಪೋನ್ ಮಾಡಿ" ಎಂದಳು. ಮಗಳು ಪಕ್ಕದ ಮನೆಯ ಹುಡುಗನ ನಂಬರಿಗೆ ಮಾಡಿದಳು. ಅಲ್ಲಿ ಸಂಜೆಯಾಗಿತ್ತು. ದೊಡ್ಡವ್ವ, "ಎಲ್ಲಿದ್ದರಿ ಮಗಾ?" ಎಂದಳು. ನೀರಿನ ಊರಲ್ಲಿದ್ದೇವೆ, ಇಲ್ಲೊಂದು ಕೇರಿ ನೋಡಿದೆವು ಎಂದೆವು. "ಅಲ್ಲೂ ಕೇರಿ ಅದಾ?" ಎಂದಳು. ಇತ್ತು, ಬಾಗಿಲು ಹಾಕುತ್ತಿದ್ದರಂತೆ ಎಂದೆವು. ಅವಳು ಸ್ವಲ್ಪ ಹೊತ್ತು ಬಿಟ್ಟು, "ಇಲ್ಲಿ ಬಾಕ್ಲು ತಗದೇ ಅದ ಮಗಾ. ಬರೋರು ಇಲ್ಲ, ಅಷ್ಟೇ" ಎಂದಳು.

ಗುಳಿ ಬಿದ್ದ ಕಲ್ಲು ದಾಟಿ ಹೊರಗೆ ಬಂದು ನಿಲ್ದಾಣದ ದಾರಿ ಹಿಡಿದೆವು. ವೆನಿಸ್ಸಿನ ನೆಲದಲ್ಲಿ ಅಲ್ಲಲ್ಲಿ ಅಂಗೈಯಗಲದ ಹಿತ್ತಾಳೆಯ ಕಲ್ಲುಗಳನ್ನು ಕೂರಿಸಿದ್ದಾರೆ. ಎಡವುಗಲ್ಲು ಎನ್ನುತ್ತಾರೆ. ಅವನ್ನು ಇಲ್ಲಿ ಹಾಕತೊಡಗಿದ್ದು 2014ರಲ್ಲಿ. ಇಂಥವರು ಈ ಮನೆಯಲ್ಲಿದ್ದರು, ಇಂಥ ವರ್ಷ ಹುಟ್ಟಿದರು, ಹಿಡಿದುಕೊಂಡು ಹೋದರು, ಕೊಂದರು. ಅಷ್ಟೇ. ಯೋನ ಎಂಬ ಆ ವೈದ್ಯರು ಹೆಸರಿನ ಪಟ್ಟಿಯನ್ನು ನಾಶ ಮಾಡಿ ಜನರನ್ನು ಉಳಿಸಲು ನೋಡಿದರು. ಈಗಿನವರು ಹೆಸರನ್ನು ಕೆತ್ತಿ ಸತ್ತವರನ್ನು ಉಳಿಸುತ್ತಿದ್ದಾರೆ. ಹೆಸರಿನ ಪಟ್ಟಿ ಯಾರ ಕೈಯಲ್ಲಿದೆ ಎಂಬುದೇ ಮುಖ್ಯ. ನಮ್ಮ ಕೇರಿಯ ಪಟ್ಟಿ ಇರುವುದು ಓಟಿನ ಪುಸ್ತಕದಲ್ಲಿ, ರೇಷನ್ ಅಂಗಡಿಯಲ್ಲಿ, ಸಾಲ ಕೊಟ್ಟವರ ಕಡತದಲ್ಲಿ. ನಮ್ಮ ಕೈಯಲ್ಲಿ ಇಲ್ಲ.

ಪಾದುವಾದ ರೈಲು ಹತ್ತಿ ಕೂತ ಮೇಲೆ ಮಗಳು ಚೀಲದಿಂದ ನೋಟ್‌ಬುಕ್ ತೆಗೆದಳು. "ಅಪ್ಪಾ, ಕೇರಿಗೆ ಹೋಗ್ತಿದ್ದಂಗೆ ಮೊದಲನೇ ಮನೆ ಯಾರದು?" ಎಂದಳು. ತಮಟೆ ಕಾಳಯ್ಯನದು ಎಂದೆವು. "ಅವನ ಹೆಂಡತಿ ಹೆಸರು?" ನಮಗೆ ನೆನಪಾಗಲಿಲ್ಲ. ನಮ್ಮಾಕೆಗೆ ನೆನಪಿತ್ತು. "ಕೆಂಪಮ್ಮ. ಆಯಮ್ಮನೂ ಹೆರಿಗೆ ಮಾಡ್ಸೋಳು, ಬರ್ಕೋ" ಎಂದಳು. ಅರ್ಧ ಗಂಟೆಯಲ್ಲಿ ಹದಿನೇಳು ಮನೆ ಆಯಿತು. ರೈಲು ನಿಂತಿತು. ಇನ್ನು ಇಪ್ಪತ್ತಕ್ಕೂ ಹೆಚ್ಚು ಮನೆ ಉಳಿದಿವೆ. ಅವನ್ನು ದೊಡ್ಡವ್ವನ ಜಗಲಿಯ ಮೇಲೆ ಕೂತೇ ಬರೆಯಬೇಕು.